ಟೆಕ್ ಪುಸ್ತಕ ನೋಡಿ ಕೊಳ್ಳುವುದಕ್ಕೆ ಬೆಂಗಳೂರಿನಲ್ಲಿ ಅಂಗಡಿ ಉಳಿದಿದೆಯಾ?

ವಿಜಯನಗರದ ಓದುಗ: ಡೇಟಾಬೇಸ್ ಬಗ್ಗೆ ಒಂದು ದಪ್ಪ ಪುಸ್ತಕ ಬೇಕು. ಪುಟ ತಿರುವಿ ನೋಡಿ ಕೊಳ್ಳುವ ಆಸೆ. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಕಂಪ್ಯೂಟರ್ ಕಪಾಟಿನ ತುಂಬ ಈಗ ನೀಟ್, ಕೆಎಎಸ್ ಗೈಡುಗಳು. ಎಲ್ಲಿ ಹುಡುಕಲಿ? ಅನುಭವ ಇದ್ದವರು ಹೇಳಿ.

ಹಳೇ ಅಂಗಡಿಯವನು: ಆ ಕಪಾಟು ಖಾಲಿ ಮಾಡಿದವರಲ್ಲಿ ನಾನೂ ಒಬ್ಬ. ಬೇಜಾರೇನಿಲ್ಲ. 1,200 ರೂಪಾಯಿ ಮುಖಬೆಲೆಯ ಪುಸ್ತಕ ನನಗೆ ಬೀಳುತ್ತಿದ್ದದ್ದು 840ಕ್ಕೆ. ಆನ್‌ಲೈನ್‌ನಲ್ಲಿ ಗಿರಾಕಿಗೆ 799! ಜನ ಬಂದು ಅರ್ಧ ಅಧ್ಯಾಯ ಓದಿ, ಮುಖಪುಟದ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. 2016ರಲ್ಲಿ ವೆಬ್‌ಸೈಟ್ ಕಟ್ಟುವ ಆಂಗ್ಯುಲರ್ ತಂತ್ರಾಂಶದ ಹೊಸ ವರ್ಷನ್, ಆಂಗ್ಯುಲರ್ 2 ಬಂತು. ಹಳೇ ಆಂಗ್ಯುಲರ್ ಪುಸ್ತಕಗಳನ್ನು ಕೇಳುವವರೇ ಇಲ್ಲ. ವಾಪಸ್ ಕಳಿಸಿದರೆ ವಿತರಕರು ‘ಅಂಚು ಮಾಸಿದೆ’ ಎಂದು ತಿರುಗಿಸಿದರು. ಎರಡೂ ಕಡೆ ಲಾರಿ ಬಾಡಿಗೆ ನನ್ನ ತಲೆಗೆ. ಕಾದಂಬರಿಗೆ ವರ್ಷನ್ ನಂಬರ್ ಇರುವುದಿಲ್ಲ, ಅದನ್ನೇ ಇಟ್ಟೆ.

ಚಂದಾದಾರ: ಪ್ರಕಾಶಕರೇ ಬದಲಾಗಿದ್ದಾರೆ ಸ್ವಾಮಿ. ಒರೈಲಿ 2017ರಲ್ಲೇ ತನ್ನ ಸೈಟಿನಲ್ಲಿ ಬಿಡಿ ಪುಸ್ತಕ ಮಾರುವುದನ್ನು ನಿಲ್ಲಿಸಿತು. ಈಗ ಅವರ ಆನ್‌ಲೈನ್ ಪುಸ್ತಕಗಳನ್ನು ಓದುವ ಚಂದಾಕ್ಕೆ ನಾನು ತಿಂಗಳಿಗೆ 49 ಡಾಲರ್ ಕೊಡುತ್ತೇನೆ. ಡಾಲರಿನಲ್ಲಿ ಕಟ್ಟಿದ್ದಕ್ಕೆ ಕಾರ್ಡಿನವರ ಫಾರೆಕ್ಸ್ ಶುಲ್ಕ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಬೇರೆ. ಉರಿಯುತ್ತದೆ, ನಿಜ. ಆದರೆ ಹೊಸ ಎಡಿಷನ್ ಬಂದ ದಿನವೇ ಓದುತ್ತೇನೆ.

ಅವೆನ್ಯೂ ರೋಡ್ ಗಿರಾಕಿ: ಚಂದಾ ನಿಲ್ಲಿಸಿದ ದಿನ ಪುಸ್ತಕ ಎಲ್ಲಿರುತ್ತದೆ? ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿಯೇ ಇಲ್ಲ. ಆಲ್ಗಾರಿದಂ, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್ ಪುಸ್ತಕ ಎಲ್ಲವನ್ನೂ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲೇ ಕೊಂಡು ಕಲಿತೆ. ಒಂದಕ್ಕೂ 250 ದಾಟಿಲ್ಲ. ಒಂದರಲ್ಲಿ ಮಾತ್ರ ನಡುವಿನ 32 ಪುಟ ಇರಲಿಲ್ಲ, ಅದನ್ನು ಗೆಳೆಯನ ಪ್ರತಿಯಿಂದ ಜೆರಾಕ್ಸ್ ಮಾಡಿಸಿದೆ. ಪುಟಕ್ಕೆ 2 ರೂಪಾಯಿ, ಒಟ್ಟು 64.

ಚಂದಾದಾರ: ಪುಟ ಬಿಟ್ಟುಹೋದ, ಮಸುಕು ಅಕ್ಷರದ ಪುಸ್ತಕ ಅಂದರೆ ಅದು ಕಳ್ಳಪ್ರತಿ. ಹೆಮ್ಮೆ ಬೇರೆ!

ಅವೆನ್ಯೂ ರೋಡ್ ಗಿರಾಕಿ: ಮಸುಕು ಅಂತ ನಾನು ಎಲ್ಲಿ ಹೇಳಿದೆ? ಪ್ರಕಾಶಕರದೇ ಇಲ್ಲಿನ ಎಡಿಷನ್ ಅದು, ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಹಿಂಬದಿಯ ರಟ್ಟಿನ ಮೇಲೇ ಅಚ್ಚಾಗಿದೆ. ಬೈಂಡಿಂಗ್ ತಪ್ಪೂ ಕಳ್ಳತನವಾ?

ಹಳೇ ಅಂಗಡಿಯವನು: ಕಳ್ಳಪ್ರತಿ ಗುರುತಿಸೋಕೆ ನನಗೆ ಹೇಳಿಕೊಡಬೇಡಿ. ಫೋಟೋ ಹಾಕಿ, ನೋಡಿ ಹೇಳುತ್ತೇನೆ. ನಿಮ್ಮಂಥವರು 250ಕ್ಕೆ ಚೌಕಾಸಿ ಮಾಡಿದ್ದಕ್ಕೇ ನಮ್ಮ ಬಾಡಿಗೆ ಹುಟ್ಟಲಿಲ್ಲ.

ಅವೆನ್ಯೂ ರೋಡ್ ಗಿರಾಕಿ: ಎಸಿ ಹಾಕಿದ್ದು ನೀವು, ಬಿಲ್ ನಾನು ಕಟ್ಟಬೇಕಾ?

ಯಲಹಂಕ: ಜಗಳ ಆಮೇಲೆ. ಅವೆನ್ಯೂ ರೋಡಿನಲ್ಲಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಹೋದ ಸಲ ಟೋ ಮಾಡಿದರು.

ಅವೆನ್ಯೂ ರೋಡ್ ಗಿರಾಕಿ: ಚಿಕ್ಕಪೇಟೆ ಮೆಟ್ರೋ ಇದೆಯಲ್ಲಾ ಸಾರ್.

ಯಲಹಂಕ: ಯಲಹಂಕಕ್ಕೆ ಮೆಟ್ರೋ ತಂದುಕೊಟ್ಟು ಆಮೇಲೆ ಹೇಳಿ.