ಜಪಾನ್ ಮನೆ ಮೂರು ಲಕ್ಷ, ಮೆಣಸಿನಕಾಯಿ ಬೇರೆ

ದಾವಣಗೆರೆಯ ಪಿ.ಜೆ. ಬಡಾವಣೆ. ಸಂಜೆ ಆರೂವರೆ. ಖಾರ ಮಂಡಕ್ಕಿ ಅಂಗಡಿ ಮುಂದಿನ ಕಲ್ಲುಬೆಂಚಿನ ಮೇಲೆ ಕೊಟ್ರೇಶಿ ರೀಲ್ ಓಡುತ್ತಿದ್ದ ಮೊಬೈಲನ್ನು ಆರತಿ ತಟ್ಟೆ ಹಾಗೆ ಎಲ್ಲರ ಮುಖದ ಮುಂದೆ ಒಂದು ಸುತ್ತು ತಂದ.

"ನೋಡ್ರಲೇ, ಜಪಾನ್ ಹಳ್ಳಿ. ಎರಡಂತಸ್ತು, ಮುಂದೆ ತೋಟ, ಹಿಂದೆ ಗುಡ್ಡ. ಐದು ಲಕ್ಷ ಯೆನ್. ಯೆನ್ನಿಗೆ ಅರವತ್ತು ಪೈಸೆ ಹಿಡಿದ್ರೂ ಮೂರು ಲಕ್ಷ ರೂಪಾಯಿ! ಇಲ್ಲಿ ಶಾಮನೂರು ಕಡೆ ಅಷ್ಟಕ್ಕೆ ಸೈಟಿನ ಮೂಲೆಕಲ್ಲೂ ಬರಂಗಿಲ್ಲ."

"ಅಷ್ಟು ಅಗ್ಗ ಅಂದ್ರೆ ದೆವ್ವ ಇರ್ಬೇಕು," ಅಂದ ಚಿತ್ರದುರ್ಗದ ತಿಪ್ಪೇಶಿ.

ಕಾಂಟ್ರಾಕ್ಟರ್ ಮಂಜಣ್ಣ ಮೆಣಸಿನಕಾಯಿ ತೊಟ್ಟು ಕಿತ್ತು ಪಕ್ಕಕ್ಕಿಟ್ಟ. "ದೆವ್ವ ಅಲ್ಲ, ಲೆಕ್ಕ. ಇಂಥ ಖಾಲಿ ಬಿದ್ದ ಮನೆಗೆ ಅಲ್ಲಿ ಆಕಿಯ ಅಂತಾರೆ. 2023ರ ಸರ್ವೇಲಿ ದೇಶದ ತುಂಬ 90 ಲಕ್ಷ ಖಾಲಿ ಮನೆ, ನೂರಕ್ಕೆ 13.8. ತೆರಿಗೆ ಲೆಕ್ಕದಲ್ಲಿ ಮರದ ಮನೆಗೆ ಆಯುಷ್ಯ 22 ವರ್ಷ. ಆಮೇಲೆ ಮಾರಿದ್ರೆ ಜಾಗಕ್ಕಷ್ಟೇ ಬೆಲೆ. ಮಕ್ಳು ಟೋಕಿಯೋ ಸೇರಿರ್ತಾರೆ, ಕೆಡವೋಣ ಅಂದ್ರೆ ಹತ್ತು-ಹದಿನೈದು ಲಕ್ಷ ಯೆನ್ ಖರ್ಚು. ಮನೆ ನಿಂತಿದ್ರೆ 200 ಚದರ ಮೀಟರ್ ತನಕ ಜಾಗದ ತೆರಿಗೆ ಲೆಕ್ಕ ಆರನೇ ಒಂದು ಭಾಗದ ಮೇಲೆ, ಕೆಡವಿದ್ರೆ ಪೂರ್ತಿ. ಯಾರು ಕೆಡವ್ತಾರೆ ಹೇಳು? 2023ರ ಡಿಸೆಂಬರಿನಿಂದ ಕಾನೂನು ಬಿಗಿ ಆಗೈತಿ. ನೋಡ್ಕಳದೆ ಬಿಟ್ಟ ಮನೆ ಅಂತ ಊರಿನ ಆಡಳಿತ ಬರೆದು ಕೊಟ್ರೆ ಆ ರಿಯಾಯ್ತಿ ಕಟ್. ಅದಕ್ಕೇ ಈಗ 'ತಗೊಂಡ್ಹೋಗ್ರಪ್ಪ' ಅಂತಾರೆ."

"ಅಂದ್ರೆ ತಗೊಳ್ಳಾನು ಅವರ ತಲೆನೋವು ತಗೊಂಡಂಗೆ," ಅಂದರು ರುದ್ರಣ್ಣ. ಅವರು ರಿಟೈರ್ಡ್ ಸರ್ವೇಯರ್. ಹರಟೆಯಲ್ಲಿ ಕೂತರೂ ಅವರ ಕಣ್ಣು ಚೆಕ್ಕುಬಂದಿ ಮೇಲೇ.

ಹುಡುಕುವ ದಾರಿ ಸಲೀಸು. ಬಹಳಷ್ಟು ಊರಿನ ಆಡಳಿತ 'ಆಕಿಯ ಬ್ಯಾಂಕ್' ಅಂತ ಪಟ್ಟಿ ಇಟ್ಟಿರುತ್ತೆ, ಬಹುಪಾಲು ಜಪಾನಿ ಭಾಷೆಯಲ್ಲೇ. ಕೆಲವು ಊರಿನವರು ಬಂದು ವಾಸ ಮಾಡುವವರಿಗೆ ಮಾತ್ರ ಕೊಡ್ತೀವಿ ಅಂತಾರೆ, ಅದನ್ನು ಮೊದಲೇ ಕೇಳಬೇಕು. ಪರದೇಶದವರು ಜಾಗ, ಮನೆ ಎರಡನ್ನೂ ಸ್ವಂತ ಹೆಸರಿಗೆ ಮಾಡಿಸಿಕೊಳ್ಳಬಹುದು. ಮನೆಯ ಜೊತೆಗೆ ಗದ್ದೆ ಇದ್ದರೆ ಮಾತ್ರ ಅಲ್ಲಿನ ಕೃಷಿ ಸಮಿತಿಯ ಅನುಮತಿ ಬೇಕು. ಗದ್ದೆ ಫ್ರೀ ಅಂತ ಹಿಗ್ಗಿದವರು ಸಿಕ್ಕಿಬೀಳೋದು ಅಲ್ಲೇ.

"ರೀಲ್‌ನಲ್ಲಿ ಇದ್ಯಾವುದನ್ನೂ ಹೇಳ್ಲಿಲ್ಲ," ಅಂತ ಕೊಟ್ರೇಶಿ ಗೊಣಗಿದ.

"ರೀಲ್ ಮೂವತ್ತು ಸೆಕೆಂಡು," ಅಂದ ಮಂಜಣ್ಣ. "ಬ್ರೋಕರ್ ಕಮಿಷನ್ ಕೇಳು. 80 ಲಕ್ಷ ಯೆನ್ನಿಗಿಂತ ಅಗ್ಗದ ಮನೆಗೆ 2024ರ ಜುಲೈನಿಂದ ಬ್ರೋಕರ್ 3.3 ಲಕ್ಷ ಯೆನ್ ತನಕ, ಟ್ಯಾಕ್ಸೂ ಸೇರಿ, ಕೇಳಬಹುದು. ಮನೆ ಐದು, ಬ್ರೋಕರ್ ಮೂರೂಕಾಲು!"

"ಸೋರೆಕಾಯಿಗಿಂತ ಕುಡುಗೋಲು ದುಬಾರಿ."

"ಅದರ ಮೇಲೆ ಪತ್ರ ಬರೆದು ನೋಂದಣಿ ಮಾಡ್ಸೋನ ಫೀ, ನೋಂದಣಿ ತೆರಿಗೆ. ಕೆಲವು ತಿಂಗಳು ಬಿಟ್ಟು ಆಸ್ತಿ ಕೊಂಡಿದ್ದಕ್ಕೇ ಇನ್ನೊಂದು ತೆರಿಗೆ ಅಂಚೇಲಿ ಬರ್ತೈತಿ. ನೀನು ಅಲ್ಲಿ ಇರಂಗಿಲ್ಲ, ಹಂಗಾಗಿ ನೋಟಿಸ್ ತಗೊಂಡು ಕಟ್ಟೋಕೆ ಅಲ್ಲಿನ ಒಬ್ಬ ಪ್ರತಿನಿಧೀನ ನೇಮಿಸ್ಬೇಕು. ಬ್ಯಾಂಕ್ ಸಾಲದ ಆಸೆ ಬಿಡು, ಹೊರಗಿದ್ದೋರಿಗೆ ಸಿಗೋದು ಕಷ್ಟ."

ರುದ್ರಣ್ಣ ಖಾತೆ ಯಾರ ಹೆಸರಿನಲ್ಲಿದೆ ಅಂತ ಕೇಳಿಯೇ ಬಿಟ್ಟರು. ಅಲ್ಲೂ ನಮ್ಮ ಪೌತಿ ಖಾತೆ ಕಥೆಯೇ. ತಾತ ತೀರಿ ನಲವತ್ತು ವರ್ಷವಾದರೂ ಮನೆ ಅವರ ಹೆಸರಿನಲ್ಲೇ ಇರುತ್ತೆ, ವಾರಸುದಾರರು ಹನ್ನೆರಡು ಊರಿನಲ್ಲಿ ಚದುರಿರುತ್ತಾರೆ. 2024ರ ಏಪ್ರಿಲ್‌ನಿಂದ ಮೂರು ವರ್ಷದೊಳಗೆ ವಾರಸಾ ನೋಂದಣಿ ಕಡ್ಡಾಯ, ಮಾಡಿಸದಿದ್ದರೆ ಒಂದು ಲಕ್ಷ ಯೆನ್ ತನಕ ದಂಡ. ರಿಜಿಸ್ಟರ್ ಪ್ರತಿಯಲ್ಲಿ ಇರುವ ಹೆಸರೂ ಮಾರುವವನ ಹೆಸರೂ ಒಂದೇ ಇಲ್ಲದಿದ್ದರೆ ಅಡ್ವಾನ್ಸ್ ಕೊಡಬಾರದು. ಹೊಂದಿಕೆಯಾದ ಮೇಲೇ ಮುಂದಿನ ಮಾತು.

"ದಾರಿ ಎಷ್ಟು ಅಡಿ?" ರುದ್ರಣ್ಣನ ಎರಡನೇ ಪ್ರಶ್ನೆ.

"ಅಣ್ಣಾ, ಅಸಲು ಮಾತು ಅದೇ," ಮಂಜಣ್ಣ ಹುರುಪಾದ. "ನಗರ ಯೋಜನೆ ವ್ಯಾಪ್ತಿ ಒಳಗಿದ್ರೆ 4 ಮೀಟರ್ ಅಗಲದ ರಸ್ತೆಗೆ ನಿನ್ನ ಜಾಗ ಕಡಿಮೆ ಅಂದ್ರೆ 2 ಮೀಟರ್ ತಾಗಿರ್ಬೇಕು. 1.9 ಇದ್ರೆ ಮುಗೀತು, ಕೆಡವಿದ ಮೇಲೆ ಮತ್ತೆ ಕಟ್ಟೋಕೆ ಸಾಮಾನ್ಯವಾಗಿ ಪರವಾನಗಿ ಸಿಗಂಗಿಲ್ಲ. ಜಾಹೀರಾತಿನ ಮೂಲೇಲಿ ಸಣ್ಣಕ್ಷರದಲ್ಲಿ ಬರೆದಿರ್ತಾರೆ. 2025ರ ಏಪ್ರಿಲ್‌ನಿಂದ ಎರಡಂತಸ್ತಿನ ಮರದ ಮನೆಗೆ ದೊಡ್ಡ ರಿಪೇರಿ ಮಾಡ್ಸೋಕೂ ಅನುಮತಿ ಬೇಕು. ದಾರಿ ಇಲ್ಲದ ಮನೆಗೆ ಅಲ್ಲೂ ತೊಡಕು."

"ಹತ್ತು ಸೆಂಟಿಮೀಟರಿಗೆ?"

"ಹತ್ತು ಸೆಂಟಿಮೀಟರಿಗೆ ನಮ್ಮಲ್ಲಿ ಕೋರ್ಟಿಗೆ ಹೋಗಲ್ವೇನೋ?" ಅಂದರು ರುದ್ರಣ್ಣ. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಮನೆ ಯಾವ ಇಸವಿಯದು ಅಂತ ಕೇಳುವಾಗ ನೆನಪಿಡುವ ತಾರೀಕು 1981ರ ಜೂನ್ 1. ಅಂದಿನಿಂದ ಹೊಸ ಭೂಕಂಪ ನಿಯಮ. ಅದಕ್ಕಿಂತ ಹಿಂದೆ ಅನುಮತಿ ಪಡೆದ ಮನೆಯ ಗೋಡೆಗೆ ಅಡ್ಡ ಅಲುಗಾಟ ತಡೆಯುವ ಬಲ ಸಾಮಾನ್ಯವಾಗಿ ಕಡಿಮೆ. ಮರದ ಮನೆಗೆ 2000ದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು.

ಅಷ್ಟರಲ್ಲಿ ಎರಡನೇ ಪ್ಲೇಟು ಬಂತು. ಮಂಜಣ್ಣ ಅದನ್ನೇ ಮನೆ ಮಾಡಿಕೊಂಡ. ಮಂಡಕ್ಕಿ ಗುಡ್ಡೆ ನೆಲ, ಮೆಣಸಿನಕಾಯಿ ತೊಲೆ.

"ಚಾಪೆ ಎತ್ತು. ಅಡುಗೆಮನೆ ನೆಲದಲ್ಲಿ ಒಂದು ಮುಚ್ಚಳ ಇರ್ತೈತಿ, ಅದನ್ನ ತೆಗೆದು ಟಾರ್ಚ್ ಹಿಡ್ಕಂಡು ಹೊಟ್ಟೆ ಮೇಲೆ ಒಳಗೆ ತೆವಳು. ಬಚ್ಚಲಿನ ಕೆಳಗೆ ಮೊದ್ಲು ನೋಡು. ಯಾಕಂದ್ರೆ ಅಲ್ಲಿನ ಗೆದ್ದಲಿಗೆ ತೇವ ಅಂದ್ರೆ ಪ್ರಾಣ. ಬುನಾದಿ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಹತ್ತಿದ್ರೆ ಗೆದ್ದಲು ಬಂದೈತಿ ಅಂತ. ಬುನಾದಿ ಮೇಲೆ ಮಲಗಿಸಿರೋ ಅಡಿತೊಲೆಗೆ ಸ್ಕ್ರೂಡ್ರೈವರ್ ಒತ್ತು." ಮೆಣಸಿನಕಾಯಿಗೆ ಬೆರಳಿಟ್ಟ, ಮೇಲಿನ ಹಿಟ್ಟು ಗಟ್ಟಿ, ಒಳಗೆ ಪೊಳ್ಳು, ಪುಸಕ್ಕನೆ ಕುಸಿಯಿತು. "ಹಿಂಗಾದ್ರೆ ವಾಪಸ್ ಬಾ. ಟಣ್ ಅಂದ್ರೆ ಮಾಳಿಗೆ ಹತ್ತು."

"ನಮ್ಮ ದುರ್ಗದ ಮಾಳಿಗೆ ಮನೆಗೆ ವರ್ಷಾ ಕರಲು ಮಣ್ಣು ಹಾಕಿದ್ರೆ ಮುಗೀತು," ಅಂದ ತಿಪ್ಪೇಶಿ.

"ಅಲ್ಲಿ ಹೆಂಚು. ಒಂದು ಹೆಂಚು ಜಾರಿದ್ರೆ ಹತ್ತು ವರ್ಷ ಯಾರೂ ನೋಡಲ್ಲ, ನೀರು ಜಂತಿ ಹಿಡಿದು ಇಳೀತೈತಿ. ಒಳಗಿಂದ ಸೂರಿನ ಮರಕ್ಕೆ ಟಾರ್ಚ್ ಬಿಡು, ಕರೀ ಕಲೆ ಎಲ್ಲಿದ್ರೆ ಸೋರೋದು ಅಲ್ಲೇ. ಹಿಮ ಬೀಳೋ ನೀಗಾಟ, ಅಕಿಟಾ ಕಡೆ ಚಳಿಗಾಲದಲ್ಲಿ ಸೂರಿನ ಮೇಲಿಂದ ಹಿಮ ಎಳೆದು ಹಾಕ್ತಿರ್ಬೇಕು. ಹೋಗೋವಾಗ ನಲ್ಲಿಯ ನೀರೆಲ್ಲ ಬಸಿದು ಬರ್ದಿದ್ರೆ ಪೈಪು ಹೆಪ್ಪುಗಟ್ಟಿ ಸೀಳ್ತೈತಿ."

"ಕಕ್ಕಸು?" ಯಾರೂ ಕೇಳದ್ದನ್ನು ತಿಪ್ಪೇಶಿ ಕೇಳಿದ.

"ಹಳೇ ಮನೇಲಿ ಗುಂಡಿ, ಗಾಡಿ ಬಂದು ಎಳ್ಕಂಡು ಹೋಗ್ತೈತಿ. ಇಲ್ಲಾಂದ್ರೆ ಜೋಕಾಸೋ ಅನ್ನೋ ಸ್ವಂತ ಟ್ಯಾಂಕು, ಅದಕ್ಕೆ ವರ್ಷಕ್ಕೊಂದು ಸಲ ಕಡ್ಡಾಯ ತಪಾಸಣೆ. ಮನೆ ತುಂಬ ಬಿಟ್ಟ ಸಾಮಾನು ನಿನ್ನ ತಲೆಗೇ, ದೇವರ ಗೂಡೂ ಸೇರಿ. 'ಇದ್ದಂಗೆ ಮಾರಾಟ' ಅಂತ ಕರಾರು ಬರೆದ್ರೆ ಆಮೇಲೆ ಸಿಕ್ಕ ದೋಷಕ್ಕೆ ಮಾರಿದೋನನ್ನ ಹಿಡಿಯೋದು ಕಷ್ಟ. ಸೂರು, ಬಚ್ಚಲು, ನೀರು, ಕಕ್ಕಸು ಎಲ್ಲ ಸೇರಿದ್ರೆ 50 ಲಕ್ಷ ಯೆನ್ ದೊಡ್ಡ ಮಾತಲ್ಲ."

ಕೊಟ್ರೇಶಿ ಇಟಲಿಗೆ ಹಾರಿದ. "ಅಲ್ಲಿ ಒಂದೇ ಯೂರೋ!"

"ಸಿಸಿಲಿಯ ಸಂಬೂಕದಲ್ಲಿ 2019ರಲ್ಲಿ ಒಂದು ಯೂರೋದಿಂದ ಹರಾಜು ಶುರುಮಾಡಿದ್ರು, 2021ರಲ್ಲಿ ಎರಡು, 2024ರಲ್ಲಿ ಮೂರು. ಆ ಯೂರೋ ಶುರುವಿನ ಕೂಗು ಅಷ್ಟೇ, ಮನೆ ಅದಕ್ಕೆ ಬರಂಗಿಲ್ಲ. ಸಾಮಾನ್ಯವಾಗಿ 5,000 ಯೂರೋ ಡಿಪಾಸಿಟ್ ಇಡ್ಬೇಕು, ಮೂರು ವರ್ಷದಲ್ಲಿ ರಿಪೇರಿ ಮುಗಿಸ್ಲಿಲ್ಲ ಅಂದ್ರೆ ಅದು ಅವರದ್ದು. ಅಕ್ಕಪಕ್ಕದ ಮನೆಗೆ ಗೋಡೆ ಹಂಚಿಕೆ, ಸಂದಿ ಒಳಗೆ ಗಾಡಿ ಹೋಗಂಗಿಲ್ಲ, ಒಡೆದ ಕಲ್ಲು-ಮಣ್ಣು ಹೊರಕ್ಕೆ ಹೊರೋಕೇ ದುಡ್ಡು. ಐರೋಪ್ಯ ಒಕ್ಕೂಟದ ಹೊರಗಿನೋರಿಗೆ 'ನಿಮ್ಮ ದೇಶದಲ್ಲಿ ನಮ್ಮೋರಿಗೆ ಮನೆ ಕೊಳ್ಳೋಕೆ ಬಿಡ್ತೀರಾ?' ಅನ್ನೋ ನಿಯಮ ಬೇರೆ. ನೋಟರಿ ಹತ್ರ ಮೊದ್ಲ ದಿನಾನೇ ಅದನ್ನ ಕೇಳು."

ಇಷ್ಟು ಹೊತ್ತು ಸುಮ್ಮನಿದ್ದ ಟ್ಯಾಕ್ಸ್ ಪ್ರಾಕ್ಟೀಸಿನ ಶಿವಣ್ಣ ಕೈ ಒರೆಸಿಕೊಂಡ. "ದುಡ್ಡು ಹೆಂಗೆ ಕಳಿಸ್ತೀಯ? ಹೊರದೇಶಕ್ಕೆ ದುಡ್ಡು ಕಳಿಸೋಕೆ ರಿಸರ್ವ್ ಬ್ಯಾಂಕ್ ಮಾಡಿರೋ ಎಲ್‌ಆರ್‌ಎಸ್ ಯೋಜನೆ ಪ್ರಕಾರ ಒಬ್ಬರಿಗೆ ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ, ಬ್ಯಾಂಕಲ್ಲಿ ಎ2 ಫಾರಂ ತುಂಬಿ. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ರೂಪಾಯಿ ದಾಟಿದ್ದರ ಮೇಲೆ 20 ಪರ್ಸೆಂಟ್ ಟಿಸಿಎಸ್, ಅಂದ್ರೆ ಬ್ಯಾಂಕು ಮೊದಲೇ ವಸೂಲಿ ಮಾಡೋ ತೆರಿಗೆ. ರಿಟರ್ನ್ಸ್‌ನಲ್ಲಿ ಹೊಂದಿಸ್ಕಬಹುದು, ಆದ್ರೆ ದುಡ್ಡು ಅಲ್ಲಿ ತನಕ ಸಿಕ್ಕಾಕ್ಕಂಡಿರ್ತೈತಿ. ಪ್ರತಿ ವರ್ಷ ರಿಟರ್ನ್ಸಿನಲ್ಲಿ ವಿದೇಶಿ ಆಸ್ತಿ ಬರೆಯೋ ಶೆಡ್ಯೂಲ್ ಎಫ್‌ಎ ಒಳಗೆ ಮನೆ ತೋರಿಸ್ಬೇಕು. ಮರೆತ್ರೆ 2015ರ ಕಪ್ಪು ಹಣ ಕಾಯ್ದೇಲಿ ಹತ್ತು ಲಕ್ಷ ದಂಡ."

"ಮೂರು ಲಕ್ಷದ ಮನೆಗೆ ಹತ್ತು ಲಕ್ಷ?"

"ಮನೆ ಅಗ್ಗ ಅಂತ ಕಾನೂನು ಅಗ್ಗ ಆಗಲ್ಲ. ಇನ್ನೊಂದು, ಜಪಾನಲ್ಲಿ ಮನೆ ಕೊಂಡ್ರೆ ವೀಸಾ ಬರಂಗಿಲ್ಲ. ಬಾಡಿಗೆಗೆ ಬಿಡ್ತೀನಿ ಅಂದ್ರೆ 2018ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಲ್ಲಿ ಪ್ರವಾಸಿಗರಿಗೆ ವರ್ಷಕ್ಕೆ 180 ದಿನ ಮಾತ್ರ."

ಕೊಟ್ರೇಶಿ ಮೊಬೈಲ್ ಜೇಬಿಗಿಟ್ಟ. ಸೋತ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬಾಯಿಬಿಟ್ಟ: "ಆಯ್ತಪ. ನೋಡೋಕೆ ಹೋದ್ರೆ ಬ್ಯಾಗಲ್ಲಿ ಏನೇನು ಇಟ್ಕಳಿ?"

"ಐದು ಮೀಟರ್ ಟೇಪು, ಮಟ್ಟ, ಟಾರ್ಚು, ಸ್ಕ್ರೂಡ್ರೈವರ್, ಹಳೇ ಪ್ಯಾಂಟು. ಒಂದು ಗೋಲಿ."

"ಗೋಲಿ?"

"ನೆಲದ ಮೇಲೆ ಬಿಡೋಕೆ. ಉರುಳಿದ್ರೆ ಟೇಪು, ಮಟ್ಟ ಹಿಡಿದು ಅಳತೆ ಮಾಡು. ಮೀಟರಿಗೆ ಆರು ಮಿಲಿಮೀಟರಿಗಿಂತ ಜಾಸ್ತಿ ವಾಲಿದ್ರೆ ಮನೆಯ ಮೂಲ ಕಟ್ಟಡದಲ್ಲೇ ದೋಷ ಇರೋ ಸಾಧ್ಯತೆ ಹೆಚ್ಚು."

ಕೊಟ್ರೇಶಿ ಖಾಲಿಯಾದ ಗೋಲಿ ಸೋಡಾ ಬಾಟಲಿಯನ್ನು ತಲೆಕೆಳಗು ಮಾಡಿ ಕಿರುಬೆರಳು ತೂರಿಸಲು ಹೊರಟ.

"ಬಿಡಲೇ," ಅಂದ ಮಂಜಣ್ಣ. "ಜಪಾನಲ್ಲೂ ಗೋಲಿ ಸೋಡಾ ಐತಿ. ರಾಮುನೆ ಅಂತಾರೆ, ಗೋಲಿ ಅಲ್ಲೇ ಸಿಗ್ತೈತಿ."

"ಹಂಗಾರೆ ಒಂದು ಖರ್ಚು ಉಳೀತು," ಅಂದ ಕೊಟ್ರೇಶಿ.