ಚೆನ್ ಗ್ವಾಂಗ್‌ಚೆಂಗ್ ಅಮೆರಿಕದ ರಾಯಭಾರ ಕಚೇರಿಯಿಂದ ಹೊರಬಂದದ್ದೇಕೆ?

ಪ್ರಶ್ನೆ:
ಚೀನಾದ ಅಂಧ ಹೋರಾಟಗಾರ ಚೆನ್ ಗ್ವಾಂಗ್‌ಚೆಂಗ್ ಅವರ ವಿಷಯ ಓದುವಾಗ ಒಂದು ಸಂಗತಿ ಬಗೆಹರಿಯಲಿಲ್ಲ. 2012ರ ಏಪ್ರಿಲ್‌ನಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ತಮ್ಮ ಹಳ್ಳಿಯಲ್ಲಿ ಗೃಹಬಂಧನದ ಗೋಡೆ ಹತ್ತಿ, ಕಾಲು ಮುರಿದುಕೊಂಡು, ಗೆಳೆಯರ ನೆರವಿನಿಂದ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿಯನ್ನು ಸೇರಿದವರು ಆರೇ ದಿನಗಳಲ್ಲಿ ಹೊರಬಂದು ಚೀನಾದ ಆಸ್ಪತ್ರೆಗೆ ಹೋದರಂತೆ. ರಾಯಭಾರ ಕಚೇರಿ ಅಮೆರಿಕದ ನೆಲವೇ ಅಲ್ಲವೇ? ಅಲ್ಲಿಯೇ ಆಶ್ರಯ ಕೇಳಬಹುದಿತ್ತಲ್ಲ?

ಉತ್ತರ:
ಇದು ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಸ್ಥಳೀಯ ಪೊಲೀಸರು ಅನುಮತಿಯಿಲ್ಲದೆ ರಾಯಭಾರ ಕಚೇರಿಯೊಳಗೆ ಕಾಲಿಡುವಂತಿಲ್ಲ, ಅಷ್ಟೇ; ನೆಲ ಮಾತ್ರ ಆತಿಥೇಯ ದೇಶದ್ದೇ. 1951ರ ನಿರಾಶ್ರಿತರ ಒಪ್ಪಂದವು ತನ್ನ ದೇಶದ ಹೊರಗಿರುವವನನ್ನಷ್ಟೇ ನಿರಾಶ್ರಿತನೆಂದು ಕರೆಯುತ್ತದೆ. ಅಮೆರಿಕದ ಕಾನೂನಿನಲ್ಲಿಯೂ ಆ ದೇಶದೊಳಗೆ ಅಥವಾ ಅದರ ಗಡಿಯಲ್ಲಿ ಇದ್ದರಷ್ಟೇ ಆಶ್ರಯಕ್ಕೆ ಅರ್ಜಿ ಹಾಕಬಹುದು. ಹಾಗಾಗಿ ಚೆನ್ ಅಲ್ಲಿ ಅತಿಥಿಯಾಗಿದ್ದರೇ ಹೊರತು ಆಶ್ರಿತರಾಗಿರಲಿಲ್ಲ. ಗೇಟಿನಿಂದ ವಿಮಾನದವರೆಗಿನ ದಾರಿ ಚೀನಾದ ಕೈಯಲ್ಲಿತ್ತು. ಚೀನಾ ಸರ್ಕಾರದ ಟೀಕಾಕಾರರಾಗಿದ್ದ ಖಭೌತ ವಿಜ್ಞಾನಿ ಫಾಂಗ್ ಲಿಝಿ 1989ರ ಜೂನ್‌ನಲ್ಲಿ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿಯನ್ನೇ ಹೊಕ್ಕು, ಹೊರಬರಲು ಸುಮಾರು 13 ತಿಂಗಳು ಕಾದರು. ಪೆರುವಿನ ರಾಜಕಾರಣಿ ಆಯಾ ದೆ ಲಾ ಟೊರ‍್ರೆ ಅವರಂತೂ ಲಿಮಾದ ಕೊಲಂಬಿಯಾ ರಾಯಭಾರ ಕಚೇರಿಯಲ್ಲಿ 1949ರಿಂದ 1954ರವರೆಗೆ ಕಳೆದರು. ರಾಯಭಾರ ಕಚೇರಿಯಲ್ಲಿ ಆಶ್ರಯ ಕೊಡುವ ರೂಢಿ ಇರುವ ಲ್ಯಾಟಿನ್ ಅಮೆರಿಕದಲ್ಲೇ ಹೀಗೆ!

ಇನ್ನೊಂದು ಉತ್ತರ:
ಕಾನೂನಿನ ಮಾತು ಸರಿ, ಆದರೆ ಚೆನ್ ಅವರಿಗೆ ಆರಂಭದಲ್ಲಿ ದೇಶ ಬಿಡುವ ಮನಸ್ಸೇ ಇರಲಿಲ್ಲ ಎಂಬುದನ್ನು ಮರೆಯಬಾರದು. ಬಲವಂತದ ಗರ್ಭಪಾತ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು 2005ರಲ್ಲಿ ಬಯಲಿಗೆಳೆದದ್ದಕ್ಕೆ ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆಮನೆ ಕಂಡಿದ್ದ ಅವರು, ಚೀನಾದಲ್ಲೇ ಬೇರೊಂದು ಊರಿನಲ್ಲಿ ಕುಟುಂಬದೊಂದಿಗೆ ನೆಲೆಸಿ ಕಾನೂನು ಓದಬಹುದೆಂಬ, ಅಮೆರಿಕ ಮತ್ತು ಚೀನಾ ಮಾಡಿಕೊಂಡ ಒಡಂಬಡಿಕೆಯನ್ನು ನಂಬಿ ಮೇ 2ರಂದು ಹೊರಬಂದರು. ಹಳ್ಳಿಯಲ್ಲಿ ತಮಗೆ ಏನೇನು ಬೆದರಿಕೆ ಬಂತೆಂದು ಆಸ್ಪತ್ರೆಯಲ್ಲಿ ಹೆಂಡತಿ ಹೇಳಿದ ಮೇಲೆ ಆ ನಂಬಿಕೆ ಅದೇ ರಾತ್ರಿ ಮುರಿಯಿತು. ಮರುದಿನ ಹಾಸಿಗೆಯಿಂದಲೇ ಫೋನಿನಲ್ಲಿ ಅಮೆರಿಕ ಸಂಸತ್ತಿನ ವಿಚಾರಣಾ ಸಭೆಯೊಂದಕ್ಕೆ ಮಾತಾಡಿದರು. ಅಮೆರಿಕದ ಅಂದಿನ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಆಗ ಬೀಜಿಂಗ್‌ನಲ್ಲಿದ್ದರು, ಎರಡೂ ದೇಶಗಳಿಗೆ ಮುಜುಗರ. ಮೇ 4ರಂದು ಚೀನಾದ ವಿದೇಶಾಂಗ ಸಚಿವಾಲಯವು, ಇತರ ನಾಗರಿಕರಂತೆ ಇವರೂ ವಿದೇಶದಲ್ಲಿ ಓದಲು ಅರ್ಜಿ ಹಾಕಬಹುದೆಂದಿತು. ಮೇ 19ರಂದು ಅವರು ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆಂದು ವಿಮಾನ ಹತ್ತಿದರು. ಆಶ್ರಯ ಎಂಬ ಪದವನ್ನು ಯಾರೂ ಉಚ್ಚರಿಸಬೇಕಾಗಿ ಬರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಜಾಣತನವೆಂದು ತೋರಿದ್ದು ಅದೊಂದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಳ್ಳಿಯಲ್ಲಿ ಉಳಿದವರ ಗತಿ ಏನಾಯಿತು?

ಇನ್ನೊಂದು ಉತ್ತರ ಬರೆದವರು:
ಪರಾರಿಯ ಸುದ್ದಿ ತಿಳಿದೊಡನೆ ಅವರ ಅಣ್ಣನ ಮನೆಗೆ ರಾತ್ರಿ ನುಗ್ಗಿದ ಸ್ಥಳೀಯ ಅಧಿಕಾರಿಗಳ ಮೇಲೆ ಅಣ್ಣನ ಮಗ ಚಾಕು ಬೀಸಿದ್ದ. ಅದೇ ವರ್ಷದ ನವೆಂಬರ್‌ನಲ್ಲಿ ಅವನಿಗೆ 3 ವರ್ಷ 3 ತಿಂಗಳ ಶಿಕ್ಷೆಯಾಯಿತು.