ಅಪ್‌ಡೇಟ್: 80 ದಾಟಿದರೆ ನಡುಗುತ್ತಿದ್ದ ಕಾರು ಸರಿಯಾಯ್ತು

ಎರಡು ತಿಂಗಳ ಹಿಂದೆ ಕ್ಲಚ್ ಬದಲಿಸಿದ ಮೇಲೆ ಕಾರು 80 ದಾಟಿದರೆ ನಡುಗುತ್ತದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಎರಡು ಸಲ ಮಾಡಿಸಿದರೂ ಪ್ರಯೋಜನ ಆಗಲಿಲ್ಲ. ಆಮೇಲೆ ಕುಂಬಳೆಯಿಂದ ತಲಪಾಡಿವರೆಗೆ ಹೈವೇ 66ರಲ್ಲಿ ಗಮನವಿಟ್ಟು ಓಡಿಸಿದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಸೀಟಿನ ಅಡಿಯಿಂದ ನಡುಕ, ಕಾಲು ತೆಗೆದ ಕೂಡಲೇ ಮಾಯ. ಚಕ್ರದ ದೋಷವಾದರೆ ಕಾಲು ತೆಗೆದರೂ ನಡುಗಬೇಕು ಅಲ್ವಾ?

ಉಪ್ಪಳದ ಮೆಕ್ಯಾನಿಕ್ ಅಣ್ಣ ಕಾರು ಎತ್ತಿ ಎಡಗಡೆ ಡ್ರೈವ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಕೊಡುವ ದಂಡ) ಒಳಗಿನ, ಅಂದರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ತೋರಿಸಿದರು. ಜಾಯಿಂಟ್ ಮುಚ್ಚಿ ಗ್ರೀಸ್ ಹಿಡಿದಿಡುವ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ಗೇರ್‌ಬಾಕ್ಸ್ ಮೇಲೆ ಎರಚಿತ್ತು, ಜಾಯಿಂಟ್ ಒಳಗೆ ರೋಲರ್ ಓಡುವ ಜಾಗಕ್ಕೆ ಬೆರಳಿಟ್ಟರೆ ಗುಳಿ ತಾಗುತ್ತಿತ್ತು. ಕ್ಲಚ್ ಕೆಲಸಕ್ಕೆ ಶಾಫ್ಟ್ ಬಿಚ್ಚುತ್ತಾರೆ, ಆವಾಗಲೇ ಬೂಟ್ ಹರಿದಿರಬೇಕು. ನನಗೆ ತುಂಬ ಬೇಸರವಾಯ್ತು.

ಶಾಫ್ಟ್ ಹೊಸದು ಹಾಕಿಸಿದೆ. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಮಂಗಳೂರಿಗೆ ಹೋಗಿ ಬಂದೆ, 90ರಲ್ಲೂ ನಡುಕ ಇಲ್ಲ. ಉತ್ತರ ಕೊಟ್ಟವರಿಗೆಲ್ಲ ದೊಡ್ಡ ಉಪಕಾರ.